ಗುರುವಾರದ ಗಂಡ

ಹೆರಿಗೆ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಒಗೆದು ಬಂದ ಚಾದರಗಳನ್ನು ಮಡಿಸಿಡುವ ಕೋಣೆಯೊಂದಿದೆ. ಅಲ್ಲಿ ಹತ್ತೊಂಬತ್ತು ವರ್ಷದಿಂದ ದುಡಿಯುವ ಹೆಂಗಸನ್ನು ಎಲ್ಲರೂ ಕರೆಯುವುದು ಚಾದರಕ್ಕ ಅಂತಲೇ. ವಯಸ್ಸು ಐವತ್ತೆರಡು, ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಮೂಲೆಗೆ ಮೂಲೆ ಕೂಡಿಸಿ ಒಂದು ಸಲ ಒದರಿದಳೆಂದರೆ ಚಾದರಕ್ಕೆ ಸುಕ್ಕಾಗುವ ಧೈರ್ಯ ಇರುತ್ತಿರಲಿಲ್ಲ. ಆದರೆ ಕೆಳಗಿನ ಮಹಡಿಯ ಹೆರಿಗೆ ಕೋಣೆಗೆ ಚಾದರದ ಗಂಟು ಕೊಡಲು ಮಾತ್ರ ಅವಳು ಒಂದು ದಿನವೂ ಹೋದವಳಲ್ಲ. ಕೇಳಿದರೆ ಸೊಂಟನೋವು ಅನ್ನುತ್ತಿದ್ದಳು.

ಪಕ್ಕದ ಹಾಲಿನಲ್ಲಿ ಗುರುವಾರ ಗುರುವಾರ ಹೆರಿಗೆಗೆ ಹೆದರುವ ಹೆಂಗಸರು ಸೇರುತ್ತಿದ್ದರು. ಮನಸ್ಸಿನ ಡಾಕ್ಟರಮ್ಮ ಅವರಿಗೆ ಔಷಧಿ ಬರೆದುಕೊಡುವ ಬದಲು ನಾಟಕ ಆಡಿಸುತ್ತಿದ್ದರು. ಒಬ್ಬಳು ತನ್ನ ಭಯವನ್ನು ನಡುವೆ ನಿಂತು ಆಡಬೇಕು. ಉಳಿದವರು ಅವಳ ಅತ್ತೆಯಾಗಬೇಕು, ನರ್ಸಾಗಬೇಕು, ಹೆರಿಗೆ ನೋವೇ ಆಗಬೇಕು. ಒಂದಿನ ಜನ ಕಮ್ಮಿ ಬಿದ್ದು, ಡಾಕ್ಟರಮ್ಮ ಚಾದರಕ್ಕನನ್ನು ಅತ್ತೆಯ ಪಾತ್ರಕ್ಕೆ ಎಳೆದುತಂದರು. ಇವಳು ಸೊಂಟಕ್ಕೆ ಕೈಯಿಟ್ಟು ರೇಗಿದ ರೇಗಾಟಕ್ಕೆ ಎಂಟು ತಿಂಗಳ ಬಸುರಿಯರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಂದಾಚೆ ಗುರುವಾರ ಬಂತೆಂದರೆ ಅವಳಿಗೆ ಎಲ್ಲಿಲ್ಲದ ಹುಮ್ಮಸ್ಸು.

ತನ್ನ ಭಯದ ಕಥೆಯನ್ನು ಮಾತ್ರ ಅವಳು ಯಾರೆದುರೂ ಬಾಯಿಬಿಟ್ಟಿರಲಿಲ್ಲ. ಹದಿನಾಲ್ಕು ವರ್ಷದವಳಿದ್ದಾಗ ಅಕ್ಕನ ಹೆರಿಗೆಯ ಕೂಗನ್ನು ಬಾಗಿಲಾಚೆ ನಿಂತು ಒಂದು ಹಗಲು ಪೂರ್ತಿ ಕೇಳಿಸಿಕೊಂಡಿದ್ದಳು. ಅಕ್ಕ ಬದುಕಿದಳು, ಮಗು ಬದುಕಿತು, ಆಮೇಲೆ ಅಕ್ಕ ಇನ್ನೂ ಎರಡು ಹೆತ್ತಳು ಕೂಡ. ತಂಗಿಯ ಕಿವಿ ಮಾತ್ರ ಆ ಬಾಗಿಲಲ್ಲೇ ಉಳಿದುಬಿಟ್ಟಿತು. ಮದುವೆಯಾದ ಮೇಲೆ ಮಕ್ಕಳಾಗದ ಮಾತ್ರೆಯನ್ನು ವರ್ಷಗಟ್ಟಲೆ ಗಂಡನ ಕಣ್ಣುತಪ್ಪಿಸಿ ನುಂಗಿದಳು. ತನಗೆ ಮಕ್ಕಳಾಗೋದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ ಎಂದು ಹಸಿ ಸುಳ್ಳು ಹೇಳಿದಳು.

ಗಂಡನದು ಕಟಿಂಗ್ ಶಾಪು. ಕುರ್ಚಿಯ ಕೈಗಳ ಮೇಲೆ ಹಲಗೆ ಹಾಕಿ ಮಕ್ಕಳನ್ನು ಕೂರಿಸಿ, ಕತ್ತರಿ ಕಂಡರೆ ಅಳುವ ಮಗುವಿಗೆ ಕಥೆ ಹೇಳುತ್ತಲೇ ಕೂದಲು ಕತ್ತರಿಸುವ ಮನುಷ್ಯ. ಅವನ ತಾಯಿ ಇನ್ನೊಂದು ಮದುವೆಯ ಮಾತೆತ್ತಿದಾಗ, ಕೊರತೆ ಇರುವುದು ತನ್ನಲ್ಲೇ ಎಂದು ಹೇಳಿ ಅವರ ಬಾಯಿ ಮುಚ್ಚಿಸಿದ. ನೆಂಟರ ಕೊಂಕು ಮಾತೆಲ್ಲ ಅವನ ತಲೆಗೇ ಬಂತು. ಚಾದರಕ್ಕ ಅದನ್ನೆಲ್ಲ ಕೇಳಿಸಿಕೊಂಡು ತುಟಿ ಎರಡು ಮಾಡಲಿಲ್ಲ. ಹಾಗಂತ ಮಗು ಬೇಡವಾಗಿತ್ತು ಅಂದುಕೊಳ್ಳಬೇಡಿ ಮತ್ತೆ! ಬೀದಿಯಲ್ಲಿ ಯಾರದೋ ಮಗು ಎಡವಿ ಬಿದ್ದರೆ ಇವಳ ಮಂಡಿ ಉರಿಯುತ್ತಿತ್ತು. ಅಷ್ಟು ಆಸೆಯಿತ್ತು.

ಒಂದು ಗುರುವಾರ ಹೊಸದಾಗಿ ಬಂದವಳು ಬಸ್ ಕಂಡಕ್ಟರು. ಮದುವೆಯಾಗಿ ಮೂರು ವರ್ಷ, ಇನ್ನೂ ಬಸುರಿಯಲ್ಲ. ಹೆರುವುದೆಂದರೆ ಕೈಕಾಲು ನಡುಗುತ್ತದೆ, ಗಂಡನಿಗೆ ತಿಳಿಯದಂತೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದು ತಲೆ ತಗ್ಗಿಸಿ ಹೇಳಿದಳು. ಗಂಡನ ಪಾತ್ರಕ್ಕೆ ಯಾರು ಬೇಕೆಂದು ಡಾಕ್ಟರಮ್ಮ ಕೇಳಿದರೆ, ಆ ಹುಡುಗಿ ಬೆರಳು ತೋರಿಸಿದ್ದು ಚಾದರಕ್ಕನ ಕಡೆಗೇ. ಹಾಳಾದ್ದು, ಎದ್ದು ಹೋಗೋಣವೆಂದುಕೊಂಡವಳು ನಡುವೆ ಬಂದು ನಿಂತಳು.

ಹುಡುಗಿ ಎದುರು ನಿಂತು ಎಲ್ಲವನ್ನೂ ಒಪ್ಪಿಕೊಂಡಳು. ಈಗ ಗಂಡ ಏನು ಹೇಳುತ್ತಾನೆ ಎಂದು ಡಾಕ್ಟರಮ್ಮ ಕೇಳಿದರು. ಅತ್ತೆಯಾದಾಗ ಅರಳು ಹುರಿದಂತೆ ಮಾತಾಡಿದವಳಿಗೆ ಈಗ ತನ್ನ ಗಂಡ ಮಾತಾಡುವ ಹಾಗೇ ನಿಧಾನಕ್ಕೆ ಮಾತು ಬಂತು.

"ಮೊದಲೇ ಹೇಳಬಾರದಿತ್ತಾ? ನಿನ್ನ ಜೊತೆ ನಾನೂ ಹೆದರ್ತಿದ್ದೆ."

ಹುಡುಗಿ ಅವಳನ್ನು ತಬ್ಬಿಕೊಂಡು ಅತ್ತಳು. ಇಂದೇ ಮನೆಯಲ್ಲಿ ಹೇಳಿಬಿಡುತ್ತೇನೆ ಎಂದಳು. ಚಾದರಕ್ಕ ತನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಆ ಮಾತನ್ನು ನಿಜವಾದ ಗಂಡನ ಬಾಯಿಂದ ಕೇಳಬೇಕೆಂಬ ಆಸೆ ಅವಳನ್ನು ಹಿಡಿದುಕೊಂಡಿತು. ಕೇಳಬೇಕಾದರೆ ತಾನು ನಿಜ ಹೇಳಬೇಕು. ಹೇಳಿದರೆ ಇಪ್ಪತ್ತಾರು ವರ್ಷದ ಸಂಸಾರ ಉಳಿಯುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

ಸಂಜೆ ಅವನು ಅಂಗಡಿಯಿಂದ ಬಂದು ಮುಖ ತೊಳೆದು ಕೂತಾಗ ಹೇಳಿದಳು, ಒಂದನ್ನೂ ಮುಚ್ಚಿಡದೆ. ನಾಟಕದ ಮಾತು ಅವನ ಬಾಯಿಂದ ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮತ್ತೆ ಅಂಗಡಿಗೇ ಹೊರಟುಹೋದ. ಆಮೇಲೆ ನಾಲ್ಕು ದಿನ ಮಾತಿಲ್ಲ ಕತೆಯಿಲ್ಲ. ಬಡಿಸಿದ್ದನ್ನು ಉಂಡ, ತಟ್ಟೆ ತಾನೇ ತೊಳೆದಿಟ್ಟ, ಮಗ್ಗುಲು ಬದಲಿಸಿ ಮಲಗಿದ. ಅವನು ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಐದನೇ ದಿನ ಸಂಜೆ ಬಂದವನು ಅವಳ ಪಕ್ಕ ಕೂತ. "ನಿನಗೆ ನೋವಾಗುತ್ತೆ ಅಂತ ಮಗುವಿನ ಮಾತೇ ಎತ್ತಲಿಲ್ಲ ನಾನು," ಅಂದ. "ಒಂದು ಸಲವಾದರೂ ಆ ಮಾತು ಆಡಬೇಕು ಅನ್ನಿಸ್ತಿತ್ತು."

"ಈಗ ಆಡ್ರೀ," ಅಂದಳು.

ಆಡಿದ. ಮಗಳೇ ಆಗಬೇಕೆಂದು ಅಂದುಕೊಂಡಿದ್ದನಂತೆ. ಅವಳಿಗೆ ತನ್ನ ಗುಂಗುರು ಕೂದಲು, ಇವಳ ಜೋರು ಬಾಯಿ. ಸುಮ್ಮಸುಮ್ಮನೆ ಒಂದು ಹೆಸರನ್ನೂ ಇಟ್ಟುಕೊಂಡಿದ್ದನಂತೆ. ಅದನ್ನು ಮೆಲ್ಲಗೆ ಹೇಳಿದ. ಚಾದರಕ್ಕ ಆ ಹೆಸರನ್ನು ಎರಡು ಸಲ ಬಾಯಿಬಿಟ್ಟು ಕರೆದಳು, ಕಣ್ಣೀರು ಸುರಿಯುತ್ತಿತ್ತು. ಇಷ್ಟು ಹೊತ್ತಿಗೆ ಆ ಮಗಳಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ಆಗಿರುತ್ತಿತ್ತು, ತಾನೇ ಬಸುರಿಯಾಗಿರುತ್ತಿದ್ದಳೇನೋ ಎಂದು ಇಬ್ಬರೂ ಲೆಕ್ಕ ಹಾಕಿದರು.

"ಅವಳೂ ನನ್ನ ಹಾಗೇ ಹೆದರಿಕೊಂಡಿದ್ದಿದ್ರೆ?" ಎಂದು ಕೇಳಿದಳು.

"ಅಮ್ಮ ಅಂತ ನೀನಿರ್ತಿದ್ದೆಯಲ್ಲ," ಅಂದ.