ಶೆಟ್ಟರು ‘ಮಾರ್ತೇನೆ’ ಎಂದದ್ದು

ಮಿತ್ರರೇ, ಇಂದು ಡೊಂಬಿವಲಿಯ ಪೊಲೀಸ್ ಠಾಣೆಯಲ್ಲಿ ಒಂದು ಕನ್ನಡ ಕ್ರಿಯಾಪದದ ಪರವಾಗಿ ಸಾಕ್ಷ್ಯ ನುಡಿದು ಬಂದೆ.

ನಮ್ಮ ಕಟ್ಟಡದ ಶೆಟ್ಟರ ಸ್ಕೂಟರು ದಾರಿಗೆ ಅಡ್ಡವೆಂದು ನೆರೆಯ ಜೋಶಿಯವರು ಜಗಳ ತೆಗೆದರು. ಶೆಟ್ಟರು ಬೇಸತ್ತು ಮಡದಿಗೆ, “ಸಾಕು ಮಾರಾಯ್ತಿ, ನಾಳೆಯೇ ಮಾರ್ತೇನೆ!” ಎಂದರು. ಮರಾಠಿಯಲ್ಲಿ ‘ಮಾರಣೆ’ ಎಂದರೆ ಹೊಡೆಯುವುದು; ಜೋಶಿಯವರ ಮರಾಠಿ ಕಿವಿಗೆ ಅದು ಹೊಡೆಯುವ ಮಾತಾಗಿ ಕೇಳಿಸಿತು. ಹಲ್ಲೆಯ ಬೆದರಿಕೆಯೆಂದು ದೂರು ಕೊಟ್ಟೇಬಿಟ್ಟರು.

“ಸಾಬೀತಾದರೆ ಎರಡು ವರ್ಷದವರೆಗೆ ಜೈಲು” ಎಂದು ಅಧಿಕಾರಿ ಹೇಳಿದೊಡನೆ ಶೆಟ್ಟರು ಜೊತೆಗೆ ಬಂದಿದ್ದ ನನ್ನನ್ನು ಮುಂದೆ ತಳ್ಳಿದರು.

ಕನ್ನಡದ ‘ಮಾರುವುದು’ ನಿಮ್ಮ ‘ವಿಕಣೆ’ಯೇ ಹೊರತು ಹೊಡೆತವಲ್ಲ, ಮಾರಲಿರುವುದು ಸ್ಕೂಟರನ್ನು ಎಂದು ನಾನು ಮರಾಠಿಯಲ್ಲಿ ವಿವರಿಸಿದೆ. ಅಧಿಕಾರಿ ನಕ್ಕರು. ಜೋಶಿಯವರು ದೂರನ್ನು ಹಿಂಪಡೆದು, ಶೆಟ್ಟರ ಭುಜ ತಟ್ಟಿ, “ಶೆಟ್ಟಿ, ನಾಳೆ ಪಕ್ಕಾ ಮಾರಾ!” ಎಂದರು.

ಫಿರ್ಯಾದಿಯೇ ಹೊಡೆತಕ್ಕೆ ದಿನ ಗೊತ್ತುಮಾಡಿದ್ದನ್ನು ಆ ಠಾಣೆ ಹಿಂದೆಂದೂ ಕಂಡಿರಲಾರದು.