ಎರಡು ತಾಸಿನ ಗೈರುಹಾಜರಿ

ಆ ನೋಟಿಸಿನ ಮಾತು ಬಂದರೆ ಈಗಲೂ ನನಗೆ ಮೈ ಉರಿಯುತ್ತದೆ.

ನವಲಗುಂದದ ಕಡೆ ಹಳ್ಳ ಬಂತೆಂದರೆ ಮೊದಲು ತೆರೆಯುವುದು ಶಾಲೆಯ ಬಾಗಿಲು. ಆ ವರ್ಷವೂ ನಮ್ಮ ಶಾಲೆ ಕಾಳಜಿ ಕೇಂದ್ರವಾಯಿತು, ಟೀಚರಾದ ನಾನು ಅದರ ಉಸ್ತುವಾರಿ. ನೀರು ಹೊಕ್ಕ ಮನೆಗಳವರನ್ನೆಲ್ಲ ಪಟ್ಟಿಗೆ ಬರೆದುಕೊಂಡೆ. ಬಾಣಂತಿ, ಮುದುಕರು, ಕುರಿಮರಿಯನ್ನು ಸೆರಗಿನೊಳಗೆ ಅಡಗಿಸಿ ತಂದಿದ್ದ ಅಜ್ಜಿ, ಯಾರನ್ನೂ ಬಿಡಲಿಲ್ಲ. ಊಟಕ್ಕೊಂದು ಫೋಟೋ, ಹಾಸಿಗೆಗೊಂದು ಫೋಟೋ ತೆಗೆದು ತಾಲೂಕಿನ ಅಧಿಕಾರಿಗಳ ವಾಟ್ಸಾಪ್ ಗುಂಪಿಗೆ ಹಾಕಬೇಕು. ಸಾರು ತಡವಾದರೆ ಯಾರೂ ಕೇಳುತ್ತಿರಲಿಲ್ಲ, ಫೋಟೋ ತಡವಾದರೆ ಫೋನು ಬರುತ್ತಿತ್ತು.

ನನ್ನ ಮನೆ ಇರುವುದೂ ಹಳ್ಳದ ದಂಡೆಯ ಓಣಿಯಲ್ಲೇ. ಗಂಡ ಹುಬ್ಬಳ್ಳಿಯಲ್ಲಿ ಸಿಕ್ಕಿಬಿದ್ದಿದ್ದರು, ಮನೆಯಲ್ಲಿ ಕಾಲು ನಡೆಯದ ಅತ್ತೆ ಒಬ್ಬರೇ. ಒಂದು ದಿನ ಬೆಳಿಗ್ಗೆ ನಾನು ಹೊರಟಾಗ ನಮ್ಮ ಮನೆಯ ಕಡೆ ನೀರು ಇನ್ನೂ ಏರಿರಲಿಲ್ಲ. ಮಧ್ಯಾಹ್ನ ಬಾಜೂ ಮನೆಯಾಕೆ ಓಡಿ ಬಂದಳು.

"ಅಕ್ಕೋರ, ನಿಮ್ಮತ್ತಿ ಹೊರಸಿನ ಮ್ಯಾಲೆ ಕುಂತಾರ್ರಿ. ನೀರು ಹೊರಸಿಗೆ ಹತ್ತೇತಿ."

ಓಡಿದೆ. ಓಣಿಯಲ್ಲಿ ಸೊಂಟದ ಮಟ್ಟ ನೀರು. ಗಂಡಸರನ್ನು ಕೂಡಿಸಿ, ಅತ್ತೆಯನ್ನು ಆ ಹಗ್ಗದ ಮಂಚದ ಸಮೇತ ಎತ್ತಿಸಿ ಶಾಲೆಗೆ ತರುವಷ್ಟರಲ್ಲಿ ಎರಡು ತಾಸು ಹಿಡಿಯಿತು. ಅತ್ತೆ ಥಂಡಿಗೆ ನಡುಗುತ್ತ, "ಊರಿಗೆ ಉಪಕಾರಿ, ಮನಿಗೆ ಮಾರಿ ಆಗೀದಿ ನೀ" ಎಂದು ಬೈದರು. ಬೈದರೂ ನನ್ನ ಕೈ ಬಿಡಲಿಲ್ಲ.

ಅದೇ ಹೊತ್ತಿಗೆ ತಾಲೂಕಿನ ಸಾಹೇಬರು ಕೇಂದ್ರದ ತಪಾಸಣೆಗೆ ಬಂದು, ನಾನು ಕಾಣದೆ ಹೊರಟುಹೋಗಿದ್ದರಂತೆ. ಮರುವಾರ ನೋಟಿಸು ಬಂತು: ಕೇಂದ್ರ ಬಿಟ್ಟು ಹೋದದ್ದೇಕೆ, ಶಿಸ್ತುಕ್ರಮ ಏಕೆ ಕೈಗೊಳ್ಳಬಾರದು?

ಅಷ್ಟು ದಿನದಲ್ಲಿ ನೀನು ಉಂಡೆಯಾ ಎಂದು ಮೇಲಿನವರೊಬ್ಬರೂ ಕೇಳಿರಲಿಲ್ಲ. ಕೇಳುವುದಾದರೂ ಹೇಗೆ? ಪಟ್ಟಿ ತೆಗೆದು ನೋಡಿದರೆ ನನ್ನ ಹೆಸರೂ ಇಲ್ಲ, ಅತ್ತೆಯ ಹೆಸರೂ ಇಲ್ಲ. ನಾನೇ ಬರೆದ ಪಟ್ಟಿ! ಊರ ಮಂದಿಯ ಹೆಸರು ಬರೆದೂ ಬರೆದೂ ನಮಗೂ ಒಂದು ಮನೆಯಿದೆ ಎಂಬುದನ್ನೇ ನಾವು ಮಾಸ್ತರ ಮಂದಿ ಮರೆತುಬಿಡುತ್ತೇವೆ. ಆ ದಡ್ಡತನಕ್ಕೂ ನನಗೆ ಸಿಟ್ಟು ಬಂತು.

ನಮ್ಮ ಹೆಡ್ ಮಾಸ್ತರರು ಒಳ್ಳೆಯವರು, ಆದರೆ ಪುಕ್ಕಲು.

"ತಪ್ಪಾಗೇತಿ, ಮುಂದ ಹಿಂಗ ಆಗೂದಿಲ್ಲ ಅಂತ ಎರಡು ಸಾಲು ಬರದು ಕೊಡ್ರಿ ಅಕ್ಕೋರ. ಎಲ್ಲಾರೂ ಹಂಗ ಬರಿಯೂದು. ನೌಕರಿಗೆ ಕುತ್ತು ಬಂದರ ಏನ್ ಮಾಡ್ತೀರಿ?"

"ಏನು ತಪ್ಪಾಗೇತ್ರಿ ಸರ?"

ಅವರು ಒಂದು ಬಿಳಿ ಹಾಳೆಯನ್ನು ನನ್ನ ಕಡೆ ಸರಿಸಿದರು.

ಅವರ ಮೇಜಿನ ಮೇಲೆಯೇ ಅದನ್ನಿಟ್ಟು ಬರೆದೆ: "ನನ್ನ ಅತ್ತೆಯನ್ನು ನೀರಿನಿಂದ ಎತ್ತಿ ತರಲು ಹೋಗಿದ್ದೆ. ಮುಂದೆ ಹೀಗಾಗುವುದಿಲ್ಲ ಎಂದು ಬರೆದುಕೊಡಲಾರೆ. ಅತ್ತೆ ಅದೇ ಮನೆಯಲ್ಲಿದ್ದಾರೆ, ಹಳ್ಳವೂ ಅಲ್ಲೇ ಇದೆ."