ಬೋರ್ಡಿನಲ್ಲಿ ಜಾಗ ಸಿಗದ ಭಾಗ

ಬೆಳಗ್ಗೆ ಒಂಬತ್ತಕ್ಕೆ ಮುಬಾರಕ್ ಯಸಳೂರಿನ ತನ್ನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಸೋಲ್ಡರಿಂಗ್ ಐರನ್ ಕಾಯಲು ಇಟ್ಟಿದ್ದ. ಹೊರಗೆ ಜೀಪು ನಿಂತಿತು. ಹೆಗ್ಗದ್ದೆ ಕಡೆಯ ಎಸ್ಟೇಟಿನ ಮಾಲೀಕ ಜಯಕುಮಾರ್ ಕೆಳಗಿಳಿಯದೆ, ಕೂತಲ್ಲಿಂದಲೇ ಸುದ್ದಿ ಹೇಳಿದರು. ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿಗೆ ಕಳಿಸಿದ್ದ ಅರವತ್ತು ಮೂಟೆ ಕಾಫಿ ವಾಪಸ್ ಬಂದಿದೆ. ಶೇಕಡಾ ಹನ್ನೊಂದರೊಳಗೆ ಇರಬೇಕಾದ ತೇವ ಹದಿಮೂರೂವರೆ ಇದೆಯಂತೆ.

"ನಿನ್ನ ಮೀಟರು ಹತ್ತೂವರೆ ತೋರ್ಸಿತ್ತು. ಇದು ಗಿಡ್ಡಯ್ಯನ ಕೆಲ್ಸ. ಹೊಟ್ಟೆಕಿಚ್ಚಿಗೆ ಮೂಟೆನೆಲ್ಲ ರಾತ್ರಿ ಇಬ್ಬನೀಲಿ ಬುಟ್ಟವ್ನೆ. ಅವ್ನಿಗೆ ಇನ್ಮೇಲೆ ಕಣಕ್ಕೆ ಬರ್ಬೇಡ ಅಂದಿದೀನಿ."

ಮುಬಾರಕ್ "ಹೌದಾ ಸಾರ್" ಅಂದ. ಜೀಪು ಹೋಯಿತು.

ಗಿಡ್ಡಯ್ಯ ಮೂವತ್ತು ವರ್ಷದಿಂದ ಕಾಫಿ ಬೀಜ ಕಚ್ಚಿ ನೋಡಿ, ಒಣಗಿದೆಯೋ ಇಲ್ಲವೋ ಹೇಳುತ್ತಿದ್ದ ಆಳು. ಈ ಮೂಟೆಗಳನ್ನು ಕಟ್ಟುವ ಮೊದಲು, ಡಿಸೆಂಬರಿನ ಒಂದು ಚಳಿಯ ಬೆಳಗ್ಗೆಯೂ ಕಚ್ಚಿ, ಇನ್ನೂ ಬಿಸಿಲು ಬೇಕು ಅಂದಿದ್ದ. ಮುಬಾರಕ್ ತಯಾರಿಸಿದ, ತೇವ ಅಳೆಯುವ ಹೊಸ ಮೀಟರು ಬೇಡ ಅಂದಿತು. ನಿನ್ನ ಹಲ್ಲಿಗೆ ವಯಸ್ಸಾಯಿತು ಎಂದು ಜಯಕುಮಾರ್ ತಮಾಷೆ ಮಾಡಿದಾಗ ಕಣದಲ್ಲಿದ್ದವರೆಲ್ಲ ನಕ್ಕರು. ಮುಬಾರಕ್ ಕೂಡ ನಕ್ಕಿದ್ದ.

ಇಪ್ಪತ್ತು ವರ್ಷ ಅವನು ಸರ್ಕ್ಯೂಟ್ ಬೋರ್ಡುಗಳನ್ನು ಮಾರ್ಕರ್ ಪೆನ್ನಿನಲ್ಲಿ ಕೈಯಾರೆ ಬರೆದವನು. 2003ರಲ್ಲಿ ಒಂದು ಪತ್ರಿಕೆಯ ಜೊತೆ ಬಂದ ಸಿಡಿಯಲ್ಲಿ ಬೋರ್ಡು ಬರೆಯುವ ಸಾಫ್ಟ್‌ವೇರ್ ಸಿಕ್ಕಿತು. ಗೆರೆಗಳು ನೇರ, ತಿರುವುಗಳು ಒಂದೇ ಅಳತೆ, ಥೇಟು ಕಂಪನಿ ಮಾಲಿನ ಹಾಗೆ. ಆದರೆ ಪುಕ್ಕಟೆ ಆವೃತ್ತಿಯಲ್ಲಿ ಬೋರ್ಡು ನಾಲ್ಕಿಂಚು ಉದ್ದ, ಮೂರಿಂಚು ಅಗಲ ಮೀರುವಂತಿರಲಿಲ್ಲ. ಗೆರೆಯಾಚೆ ಒಂದು ಬಿಡಿಭಾಗ ಇಟ್ಟರೂ ಒಪ್ಪುತ್ತಿರಲಿಲ್ಲ. ಮೀಟರಿನ ಸರ್ಕ್ಯೂಟಿಗೆ ಇನ್ನೂ ಅರ್ಧ ಇಂಚು ಬೇಕಿತ್ತು.

ಮೂರು ಸಂಜೆ ಅತ್ತಿತ್ತ ಸರಿಸಿ ನೋಡಿದ. ಕೊನೆಗೆ ಒಂದು ಭಾಗವನ್ನೇ ಅಳಿಸಿದ. ಬೀಜದ ಬಿಸಿ, ತಂಪು ನೋಡಿಕೊಂಡು ಲೆಕ್ಕ ತಿದ್ದುವ ಭಾಗ ಅದು. ಅದಿಲ್ಲದಿದ್ದರೆ ತಣ್ಣಗಿರುವ ಬೀಜದಲ್ಲಿ ಮೀಟರು ತೇವವನ್ನು ಕಮ್ಮಿ ತೋರಿಸುತ್ತದೆ. ಅದು ಅವನಿಗೆ ಗೊತ್ತಿತ್ತು. ಅಂಗಡಿಯಲ್ಲಿ, ಮಧ್ಯಾಹ್ನದ ಹೊತ್ತು, ಲೆಕ್ಕ ಪ್ರತಿಸಲವೂ ಸರಿಯಾಗಿಯೇ ಬಂದಿತ್ತು.

ಕೈಯಲ್ಲಿ ಬರೆದಿದ್ದರೆ ಬೋರ್ಡು ಎಷ್ಟು ದೊಡ್ಡದಾದರೂ ಆಗುತ್ತಿತ್ತು. ಆದರೆ ಜಯಕುಮಾರ್ ಮೀಟರಿನ ಮುಚ್ಚಳ ತೆಗೆದು ನೋಡುವವರು. ಅವರು ನೋಡಲಿ ಎಂಬ ಆಸೆ ಅವನಿಗಿತ್ತು.

ಐರನ್ನಿನ ಸ್ವಿಚ್ ಆರಿಸಿ, ಬಾಗಿಲೆಳೆದು ಬಸ್ಸು ಹತ್ತಿದ. ಎಸ್ಟೇಟಿನ ಆಳುಗಳ ಲೈನ್ ಮನೆಯ ಜಗಲಿಯಲ್ಲಿ ಗಿಡ್ಡಯ್ಯ ಕತ್ತಿಗೆ ಹಿಡಿ ಹಾಕುತ್ತ ಕೂತಿದ್ದ. ಮುಬಾರಕ್ ನಿಂತುಕೊಂಡೇ ಎಲ್ಲ ಹೇಳಿದ. ಗಿಡ್ಡಯ್ಯ ಕೊನೆಯವರೆಗೂ ಕೇಳಿಸಿಕೊಂಡ.

"ನನ್ನತ್ರ ಯಾಕೇಳ್ತೀರ ಸಾಬ್ರೆ? ಕಣದಲ್ಲಿ ಎಲ್ರ ಜೊತೆ ನಕ್ಕಿದ್ರಲ್ಲ, ಅಲ್ಲೇ ಬಂದೇಳಿ."

ಇಬ್ಬರೂ ನಡೆದರು, ಗಿಡ್ಡಯ್ಯ ಮುಂದೆ. ಕಣದಲ್ಲಿ ಹೆಂಗಸರು ಕಾಫಿ ಕೆದಕುತ್ತಿದ್ದರು, ಜಯಕುಮಾರ್ ಪಕ್ಕದಲ್ಲಿ ನಿಂತಿದ್ದರು. ತಪ್ಪು ಗಿಡ್ಡಯ್ಯಣ್ಣಂದಲ್ಲ, ನಂದು ಎಂದು ಮುಬಾರಕ್ ಜಯಕುಮಾರರಿಗೆ ಹೇಳಿದ. ಅಳಿಸಿದ ಭಾಗ ಯಾವುದು, ಅದರಿಂದ ಏನಾಯಿತು, ಎಲ್ಲವನ್ನೂ ಹೇಳಿದ. ಕೆದಕುವ ಸದ್ದು ನಿಂತಿತ್ತು.

"ಮೀಟರ್ ಕೊಡೋವಾಗ್ಲೇ ಯಾಕೆ ಹೇಳ್ಲಿಲ್ಲ?" ಎಂದು ಜಯಕುಮಾರ್ ಕೇಳಿದರು.

ಮುಬಾರಕ್ ಮುಖವೆತ್ತಲಿಲ್ಲ. "ಬೋರ್ಡು ಚೆಂದಾಗಿ ಬಂದಿತ್ತು ಸಾರ್."

ಈ ಸಲ ಯಾರೂ ನಗಲಿಲ್ಲ.

ಮಾರನೆಯ ದಿನ ಅರವತ್ತು ಮೂಟೆಯನ್ನೂ ಬಿಚ್ಚಿ ಮತ್ತೆ ಕಣದಲ್ಲಿ ಹರವಿದರು. ಆರನೆಯ ದಿನ ಗಿಡ್ಡಯ್ಯ ಒಂದು ಬೀಜ ಕಚ್ಚಿ ನೋಡಿ, ಮೂಟೆ ಕಟ್ಟಿ ಅಂದ.